ಬೋಡ್ರುಮ್ ಕೋಟೆ ನೋಡುವುದು ಹೇಗೆ: ಸಮಾಧಿಯ ಗುಂಡಿಯಿಂದ ಮುಳುಗಿದ ಹಡಗಿನವರೆಗೆ

ಟರ್ಕಿಯ ಬೋಡ್ರುಮ್ ಕೋಟೆಗೆ ಹೋದವರು ಸಾಮಾನ್ಯವಾಗಿ ಮಾಡುವುದು ಹೀಗೆ. ಟಿಕೆಟ್ ತಗೊಂಡು ನೇರ ಮೇಲಿನ ಬುರುಜಿಗೆ ಹತ್ತುತ್ತಾರೆ. ನೀಲಿ ಸಮುದ್ರ, ಬಿಳಿ ಮನೆಗಳು, ಹಾಯಿದೋಣಿಗಳು, ನಾಲ್ಕಾರು ಫೋಟೋ. ಅಷ್ಟರಲ್ಲಿ ಬಿಸಿಲಿಗೆ ಸುಸ್ತಾಗಿರುತ್ತದೆ. ಇಳಿಯುವಾಗ ಮ್ಯೂಸಿಯಂ ಕೊಠಡಿಗಳಲ್ಲಿ ಒಂದೆರಡಕ್ಕೆ ಇಣುಕಿ ಹೊರಗೆ ಬಂದುಬಿಡುತ್ತಾರೆ. ಮೊದಲ ಸಲ ನಾನೂ ಹಾಗೇ ನೋಡಿದ್ದೆ, ಅದೂ ಆಗಸ್ಟ್ ತಿಂಗಳ ನಡುಮಧ್ಯಾಹ್ನ. ಎರಡನೇ ಸಲ ಹೋಗುವ ಮುಂಚೆ ಸ್ವಲ್ಪ ಓದಿಕೊಂಡೆ, ನೋಡುವ ಕ್ರಮವನ್ನು ಪೂರ್ತಿ ಬದಲಾಯಿಸಿದೆ. ಅದೇ ಕೋಟೆ ಬೇರೆಯೇ ಆಗಿ ಕಂಡಿತು. ಆ ಕ್ರಮವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಈ ಕೋಟೆ ಕಟ್ಟಿದ್ದು ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಸಮಾಧಿಯ ಕಲ್ಲುಗಳನ್ನು ಕಿತ್ತು ತಂದು. ಈಗ ಅದೇ ಕೋಟೆಯೊಳಗೆ, ಒಡೆದು ಮುಳುಗಿದ ಹಡಗುಗಳ ಸಾಮಾನುಗಳನ್ನು ಸಮುದ್ರದ ತಳದಿಂದ ಒಂದೊಂದಾಗಿ ಮೇಲೆತ್ತಿ ಜೋಡಿಸಿ ಇಟ್ಟಿದ್ದಾರೆ. ಹಾಳು ಮಾಡಿದ್ದೂ ಅಲ್ಲೇ ಕಾಣುತ್ತದೆ, ಉಳಿಸಿಕೊಂಡದ್ದೂ ಅಲ್ಲೇ ಕಾಣುತ್ತದೆ. ಇವೆರಡನ್ನೂ ಒಂದೇ ದಿನ ನೋಡಬೇಕು, ಹೆಚ್ಚು ಹೊತ್ತು ಹಡಗುಗಳಿಗೆ ಕೊಡಬೇಕು.

ಹೋಗುವ ಮುಂಚೆ

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಈ ತಿಂಗಳುಗಳಲ್ಲಿ ಆದರೆ ತುಂಬಾ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, ಜೊತೆಗೆ ಊರು ತುಂಬಾ ಜನ. ಕೋಟೆಯ ಬಯಲಿನಲ್ಲಿ ನೆರಳು ಇದೆ, ಆದರೆ ಬುರುಜಿನ ಮೇಲೆ ಇಲ್ಲ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ.

ಇಸ್ತಾಂಬುಲ್‌ನಿಂದ ಮಿಲಾಸ್-ಬೋಡ್ರುಮ್ ವಿಮಾನ ನಿಲ್ದಾಣಕ್ಕೆ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಬೋಡ್ರುಮ್ ಊರಿಗೆ 36 ಕಿಲೋಮೀಟರ್ ಆಗುತ್ತದೆ. ವಿಮಾನದ ವೇಳೆಗೆ ಹೊಂದಿಕೊಂಡು ಬಸ್ಸುಗಳು ಇರುತ್ತವೆ, ಟ್ಯಾಕ್ಸಿ ದುಬಾರಿ. ಇಜ್ಮೀರ್ ಕಡೆಯಿಂದ ಬರುವವರಿಗೆ ಬಸ್ಸೇ ಸಾಕು, ನಾಲ್ಕು ಗಂಟೆ ಇಟ್ಟುಕೊಳ್ಳಿ. ಊರೊಳಗೆ, ಸುತ್ತಮುತ್ತಲಿನ ಹಳ್ಳಿಗಳಿಗೆ ಓಡಾಡುವುದು ದೋಲ್ಮುಶ್ ಅನ್ನುವ ಸಣ್ಣ ಬಸ್ಸು. ಸೀಟು ಹಿಡಿದು ಕೂತು, ಇಳಿಯುವ ಜಾಗ ಹೇಳಿದರೆ ಆಯಿತು. ಕೋಟೆ ಬಂದರಿನ ಪಕ್ಕದಲ್ಲೇ ಇರುವುದರಿಂದ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಟರ್ಕಿ ವೀಸಾ ಬೇಕು. ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್‌ನ ಚಾಲ್ತಿಯಲ್ಲಿರುವ ವೀಸಾ ಇಲ್ಲವೇ ವಾಸದ ಪರವಾನಗಿ ಇದ್ದವರು ಇ-ವೀಸಾಗೆ ಅರ್ಜಿ ಹಾಕಬಹುದು, ಉಳಿದವರು ಮಾಮೂಲಿ ವೀಸಾ ಮಾಡಿಸಬೇಕು. ನಿಯಮ ಬದಲಾಗುತ್ತಿರುತ್ತವೆ, ಹಾಗಾಗಿ ಟರ್ಕಿ ಸರ್ಕಾರದ ಇ-ವೀಸಾ ಪುಟವನ್ನು ನೀವೇ ನೋಡಿ, ನಡುವಿನ ಏಜೆಂಟ್ ಪುಟಗಳನ್ನಲ್ಲ. ಇನ್ನೊಂದು ವಿಷಯ. ಕೋಟೆಯಿಂದ ಎದುರಿಗೇ ಕಾಣುವ ಕೋಸ್ ದ್ವೀಪ ಗ್ರೀಸ್ ದೇಶದ್ದು. ಹತ್ತಿರ ಇದೆಯಲ್ವಾ, ದೋಣಿ ಹತ್ತಿ ಹೋಗಿಬರೋಣ ಅಂದುಕೊಂಡರೆ ಅದಕ್ಕೆ ಷೆಂಗೆನ್ ವೀಸಾ ಬೇಕು. ಟರ್ಕಿ ವೀಸಾ ಒಂದೇ ಸಲ ಒಳಗೆ ಬಿಡುವಂಥದ್ದಾದರೆ ವಾಪಸ್ ಬರುವುದೂ ಕಷ್ಟ.

ಟಿಕೆಟ್ ಬೆಲೆ ಆಗಾಗ ಏರುತ್ತದೆ, ವಿದೇಶಿಯರಿಗೆ ದರ ಬೇರೆ. ಅದಕ್ಕೇ ಇಲ್ಲಿ ಅಂಕಿ ಬರೆಯುತ್ತಿಲ್ಲ. ಟರ್ಕಿಯ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಮ್ಯೂಸಿಯಂ ಪುಟದಲ್ಲಿ ಆ ದಿನದ ದರ, ತೆರೆಯುವ ವೇಳೆ, ಕೊನೆಯ ಟಿಕೆಟ್ ಕೊಡುವ ಹೊತ್ತು ಎಲ್ಲವೂ ಇರುತ್ತದೆ. ಎಫೆಸಸ್ ಥರದ ಬೇರೆ ಜಾಗಗಳನ್ನೂ ನೋಡುವವರು ಮ್ಯೂಸಿಯಂ ಪಾಸ್ ಲೆಕ್ಕ ಹಾಕಿ ನೋಡಿ, ನಾಲ್ಕೈದು ಜಾಗ ನೋಡುವವರಿಗೆ ಅದು ಉಳಿತಾಯ. ಕೋಟೆ ಆ ಪಾಸಿನಲ್ಲಿ ಸೇರಿದೆಯಾ ಅಂತ ಕೊಳ್ಳುವ ಮುಂಚೆ ಖಚಿತ ಮಾಡಿಕೊಳ್ಳಿ. ಇನ್ನೂ ಮುಖ್ಯವಾದದ್ದು, ಯಾವ ಕೊಠಡಿ ತೆರೆದಿದೆ ಅಂತ ಕೇಳುವುದು. 2017ರಲ್ಲಿ ದೊಡ್ಡ ದುರಸ್ತಿಗಾಗಿ ಕೋಟೆ ಮುಚ್ಚಿತ್ತು, ಆಮೇಲೆ ಭಾಗ ಭಾಗವಾಗಿ ತೆರೆಯಿತು. ಆದ್ದರಿಂದ ಹಳೆಯ ಪ್ರವಾಸ ಕಥನಗಳಲ್ಲಿ ಓದಿದ ಜಾಗದಲ್ಲೇ ಆ ವಸ್ತು ಇರುತ್ತದೆ ಅಂತ ನಂಬಬೇಡಿ. ಉಲುಬುರುನ್ ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದೆ ಮುಳುಗಿದ ಹಡಗಿನ ಸಾಮಾನು ಇಟ್ಟಿರುವ ಕೊಠಡಿ. ಟಿಕೆಟ್ ಕಿಟಕಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಉಲುಬುರುನ್ ಇವತ್ತು ತೆರೆದಿದೆಯಾ?" ಇಲ್ಲ ಅಂದರೆ, ನಿಮಗೆ ಇನ್ನೊಂದು ದಿನ ಕೈಯಲ್ಲಿದ್ದರೆ, ನಾಳೆ ಬನ್ನಿ. ನಾನಾದರೆ ಹಾಗೇ ಮಾಡುತ್ತೇನೆ.

ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ನೂರಾರು ವರ್ಷ ಜನ ತುಳಿದ ಕಲ್ಲು, ನುಣ್ಣಗಾಗಿದೆ, ಮಳೆ ಬಂದರೆ ಜಾರುತ್ತದೆ. ನೀರಿನ ಬಾಟಲಿ, ಟೋಪಿ. ಅಷ್ಟೇ.

ಮೊದಲು ಕೋಟೆಗೆ ಹೋಗಬೇಡಿ, ಸಮಾಧಿಗೆ ಹೋಗಿ

ಕೋಟೆಯಿಂದ ಕಾಲು ಗಂಟೆ ನಡೆದರೆ, ಮನೆಗಳ ನಡುವೆ ಒಂದು ತಗ್ಗು ಜಾಗ ಸಿಗುತ್ತದೆ. ಮೌಸೋಲಸ್ ಸಮಾಧಿ ಇದ್ದದ್ದು ಅಲ್ಲಿ. ಬೋಡ್ರುಮ್‌ನ ಹಳೆಯ ಹೆಸರು ಹಲಿಕಾರ್ನಾಸಸ್. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಊರು. ಇಲ್ಲಿ ಆಳುತ್ತಿದ್ದ ಮೌಸೋಲಸ್ ಕ್ರಿ.ಪೂ. 353ರಲ್ಲಿ ಸತ್ತ. ಅವನ ಹೆಂಡತಿ ಆರ್ಟೆಮಿಸಿಯಾ, ಅವಳು ಅವನಿಗೆ ತಂಗಿಯೂ ಹೌದು, ಆ ಸಮಾಧಿಯ ಕೆಲಸ ನಡೆಸಿದಳು. ಸುಮಾರು 45 ಮೀಟರ್ ಎತ್ತರ, ಸುತ್ತ ಕಂಬಗಳು, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಚಾವಣಿ, ತುದಿಯಲ್ಲಿ ನಾಲ್ಕು ಕುದುರೆಯ ರಥ. ದೊಡ್ಡ ಸಮಾಧಿಗೆ ಇಂಗ್ಲಿಷಿನಲ್ಲಿ ಮೌಸೋಲಿಯಂ ಅನ್ನುತ್ತಾರಲ್ಲ, ಆ ಪದ ಬಂದದ್ದು ಇವನ ಹೆಸರಿನಿಂದ.

ಈಗ ಅಲ್ಲಿ ಏನಿದೆ? ಒಂದು ದೊಡ್ಡ ಗುಂಡಿ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು, ಉರುಳಿಬಿದ್ದ ಕಂಬದ ತುಂಡುಗಳು, ಒಂದಿಷ್ಟು ಕಲ್ಲು. ಮೊದಲು ನೋಡಿದಾಗ ಇಷ್ಟೇನಾ ಅನ್ನಿಸುತ್ತದೆ. ಅನ್ನಿಸಲಿ. ಆ ಖಾಲಿ ಜಾಗವನ್ನು ಕಣ್ಣಲ್ಲಿ ತುಂಬಿಕೊಳ್ಳುವುದಕ್ಕೇ ಇಲ್ಲಿಗೆ ಮೊದಲು ಬರಬೇಕು. ಅರ್ಧ ಗಂಟೆ ಸಾಕು. ಇಲ್ಲಿನ ಕಲ್ಲುಗಳ ಬಣ್ಣ ಚೆನ್ನಾಗಿ ನೋಡಿಕೊಳ್ಳಿ: ಹಸಿರು ಛಾಯೆಯ ಜ್ವಾಲಾಮುಖಿ ಕಲ್ಲು ಒಳಗಿನ ಗಾತ್ರಕ್ಕೆ, ಬಿಳಿ ಅಮೃತಶಿಲೆ ಹೊರಗಿನ ಅಂದಕ್ಕೆ. ಇನ್ನು ಸ್ವಲ್ಪ ಹೊತ್ತಿಗೆ ಇವೇ ಎರಡು ಬಣ್ಣ ಕೋಟೆಯ ಗೋಡೆಯಲ್ಲಿ ಸಿಗುತ್ತವೆ.

ಸಮಾಧಿಯನ್ನು ಮೊದಲು ಕೆಡವಿದ್ದು ಮನುಷ್ಯರಲ್ಲ, ಭೂಕಂಪಗಳು. ಸಾವಿರದ ಐನೂರಕ್ಕೂ ಹೆಚ್ಚು ವರ್ಷ ನಿಂತಿದ್ದ ಕಟ್ಟಡ ಮಧ್ಯಯುಗದಲ್ಲಿ ಕುಸಿದು ಕಲ್ಲಿನ ರಾಶಿಯಾಯಿತು. ಆಮೇಲೆ ಬಂದು ಈ ಕೋಟೆ ಕಟ್ಟಿದ ನೈಟ್‌ಗಳಿಗೆ, ಅಂದರೆ ಯುರೋಪಿನ ಕ್ರೈಸ್ತ ಯೋಧರಿಗೆ, ಅದು ಸಿದ್ಧ ಕಲ್ಲುಗಣಿ. ಕೆತ್ತಿದ ಚೌಕ ಕಲ್ಲನ್ನು ಗೋಡೆಗೆ ಹಾಕಿದರು, ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದರು. ಶಿಲ್ಪಗಳು ಸುಣ್ಣವಾದವು ಅನ್ನುವುದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಈಗಲೂ ಆಗುತ್ತದೆ.

ಕೋಟೆಗೆ ಬಂದಮೇಲೆ ಗೋಡೆ ಓದಿ

ಕೋಟೆಯ ಕಥೆ ಚಿಕ್ಕದಾಗಿ ಇದು. ಸಂತ ಜಾನ್ ಹೆಸರಿನ ನೈಟ್‌ಗಳ ಪಂಗಡ ಆಗ ರೋಡ್ಸ್ ದ್ವೀಪದಿಂದ ಆಳುತ್ತಿತ್ತು. ದಡದ ಮೇಲೆ ಅವರಿಗಿದ್ದ ಸ್ಮಿರ್ನಾ ಕೋಟೆಯನ್ನು, ಅಂದರೆ ಇವತ್ತಿನ ಇಜ್ಮೀರ್ ಅನ್ನು, 1402ರ ಡಿಸೆಂಬರ್‌ನಲ್ಲಿ ತೈಮೂರ್ ಕಿತ್ತುಕೊಂಡ. ಬದಲಿಗೆ ಒಂದು ಜಾಗ ಬೇಕು ಅಂತ ಅವರು ಆಟೊಮನ್ನರನ್ನು ಕೇಳಿದರು. ಸುಲ್ತಾನ ಮೊದಲನೇ ಮೆಹ್ಮದ್ ಇಲ್ಲಿ ಜಾಗ ಕೊಟ್ಟ. ಹೈನ್ರಿಶ್ ಶ್ಲೇಗಲ್‌ಹೋಲ್ಟ್ ಅನ್ನುವ ಜರ್ಮನ್ ನೈಟ್ ಕೆಲಸದ ಮೇಲ್ವಿಚಾರಣೆ ನೋಡಿಕೊಂಡ. ಕೋಟೆಗೆ ಸಂತ ಪೀಟರ್ ಹೆಸರು ಇಟ್ಟರು, ಪೆಟ್ರೋನಿಯಂ. ಆ ಹೆಸರೇ ಬಾಯಿಂದ ಬಾಯಿಗೆ ಸವೆದು ಬೋಡ್ರುಮ್ ಆಯಿತು ಅನ್ನುತ್ತಾರೆ. ಇಲ್ಲಿ ಕೆಲಸ ಮಾಡಿದವರಿಗೆ ಸ್ವರ್ಗದಲ್ಲಿ ಜಾಗ ಖಚಿತ ಅಂತ 1409ರಲ್ಲಿ ಪೋಪ್ ಆದೇಶವೇ ಹೊರಡಿಸಿದ್ದರು. ಕಲ್ಲು ಹೊರುವ ಕೂಲಿಯವನಿಗೆ ಆ ಮಾತು ಎಷ್ಟು ದೊಡ್ಡದಾಗಿ ಕೇಳಿಸಿರಬೇಕು, ಯೋಚಿಸಿ.

1522ರಲ್ಲಿ ಸುಲ್ತಾನ ಸುಲೇಮಾನ್ ರೋಡ್ಸ್ ಗೆದ್ದ. ಕೋಟೆಯೂ ಕೈಬಿಟ್ಟಿತು, ನೈಟ್‌ಗಳು ಹೊರಟರು. ಅಂದರೆ ಅವರು ಇಲ್ಲಿ ಇದ್ದದ್ದು ಸುಮಾರು 120 ವರ್ಷ ಅಷ್ಟೇ.

ಒಳಗೆ ಹೋಗುವ ದಾರಿಯಲ್ಲಿ ಒಂದಾದ ಮೇಲೊಂದು ಬಾಗಿಲು ದಾಟಬೇಕು, ಒಟ್ಟು ಏಳು ಇವೆ. ದಾರಿ ನೇರ ಇಲ್ಲ, ತಿರುಗುತ್ತಾ ಹೋಗುತ್ತದೆ. ನುಗ್ಗಿ ಬಂದ ಸೈನ್ಯ ಒಂದು ಬಾಗಿಲು ಒಡೆದರೂ ಮುಂದಿನ ತಿರುವಿನಲ್ಲಿ ಮೇಲಿನಿಂದ ಏಟು ತಿನ್ನಬೇಕು, ಅದಕ್ಕೇ ಹೀಗೆ. ಇಲ್ಲೆಲ್ಲ ಜನ ಬೇಗ ಬೇಗ ನಡೆದು ಹೋಗುತ್ತಾರೆ. ನೀವು ನಿಲ್ಲಿ. ಮೂರು ಸಂಗತಿ ಹುಡುಕಿ.

ಮೊದಲನೆಯದು ಕಲ್ಲಿನ ಬಣ್ಣ. ಸಾಮಾನ್ಯ ಕಾಡುಕಲ್ಲಿನ ಗೋಡೆಯ ನಡುವೆ ಒಮ್ಮೆಲೇ ನೀಟಾಗಿ ಚೌಕ ಕಡಿದ ಹಸಿರು ಕಲ್ಲು, ಅಥವಾ ಬಿಳಿ ಅಮೃತಶಿಲೆಯ ತುಂಡು ಕಾಣುತ್ತದೆ. ಬೆಳಿಗ್ಗೆ ಗುಂಡಿಯಲ್ಲಿ ನೋಡಿದ ಅದೇ ಬಣ್ಣ. ಹುಡುಕುವುದು ಒಮ್ಮೆ ಕಣ್ಣಿಗೆ ಒಗ್ಗಿತೆಂದರೆ ಎಲ್ಲಿ ನೋಡಿದರೂ ಅವೇ ಸಿಗುತ್ತವೆ. ಸಮಾಧಿಯ ಉಬ್ಬುಶಿಲ್ಪದ ಫಲಕಗಳನ್ನೂ ನೈಟ್‌ಗಳು ಇಲ್ಲಿನ ಗೋಡೆಗೆ ಕೂರಿಸಿದ್ದರು. ಅವು ಈಗ ಇಲ್ಲಿಲ್ಲ. 1846ರಲ್ಲಿ ಬ್ರಿಟನ್ನಿನ ರಾಯಭಾರಿ ಅವನ್ನು ತೆಗೆಸಿಕೊಂಡು ಹೋದರು, 1856ರಿಂದ ಚಾರ್ಲ್ಸ್ ನ್ಯೂಟನ್ ಸಮಾಧಿಯ ಜಾಗವನ್ನೇ ಅಗೆದು ಇನ್ನಷ್ಟು ಶಿಲ್ಪ ಸಾಗಿಸಿದರು. ಎಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮೂರು ಕಡೆ ಚದುರಿಹೋದ ಒಂದೇ ಕಟ್ಟಡ ಇದು: ಬುಡ ಗುಂಡಿಯಲ್ಲಿ, ಮೈ ಕೋಟೆಯಲ್ಲಿ, ಮುಖ ಲಂಡನ್ನಿನಲ್ಲಿ.

ಎರಡನೆಯದು ಲಾಂಛನಗಳು. ಬಾಗಿಲ ಮೇಲೆ, ಬುರುಜಿನ ಮೈಮೇಲೆ ಗುರಾಣಿಯ ಆಕಾರದ ಕೆತ್ತನೆಗಳಿವೆ. 249 ಬಗೆಯವು ಇನ್ನೂ ಉಳಿದಿವೆ ಅಂತ ಎಣಿಸಿದ್ದಾರೆ. ಪಂಗಡದ ಮುಖ್ಯಸ್ಥರದ್ದು, ಕೋಟೆಯ ನಾಯಕರದ್ದು, ದೇಶಗಳದ್ದು, ಒಬ್ಬೊಬ್ಬ ನೈಟ್‌ನದ್ದು. ಯಾರು ಯಾವುದನ್ನು ಕಟ್ಟಿಸಿದರು ಅಂತ ತಿಳಿಯಲು ಇವೇ ದಾಖಲೆ.

ಮೂರನೆಯದು ಗೋಡೆಯ ದಪ್ಪ. ಊರಿನ ಕಡೆಯ ಗೋಡೆ ದಪ್ಪ, ಸಮುದ್ರದ ಕಡೆಯದು ತೆಳು. ಸಮುದ್ರದಲ್ಲಿ ನೈಟ್‌ಗಳ ಹಡಗುಪಡೆ ಬಲವಾಗಿತ್ತು, ಭಯ ಇದ್ದದ್ದು ನೆಲದ ಕಡೆಯಿಂದ ಬರುವ ಫಿರಂಗಿಯದ್ದು. ಫಿರಂಗಿ ಬಲವಾದ ಹಾಗೆಲ್ಲ ಆ ಕಡೆ ಗೋಡೆ ದಪ್ಪ ಮಾಡುತ್ತಾ ಹೋದರು. 1494ರ ಆಸುಪಾಸಿನ ದೊಡ್ಡ ಕೆಲಸಕ್ಕೆ ಸಮಾಧಿಯ ಕಲ್ಲು ರಾಶಿ ರಾಶಿಯಾಗಿ ಹೋಯಿತು.

ಬುರುಜುಗಳಿಗೆ ಒಂದು ಗಂಟೆ, ಜಾಸ್ತಿ ಬೇಡ

ನೈಟ್‌ಗಳು ಮಾತಾಡುವ ಭಾಷೆಯ ಪ್ರಕಾರ ಗುಂಪಾಗಿದ್ದರು. ಒಂದೊಂದು ಗುಂಪಿಗೆ ಕೋಟೆಯ ಒಂದೊಂದು ಭಾಗದ ಹೊಣೆ. ಹಾಗಾಗಿ ಫ್ರೆಂಚ್, ಇಟಾಲಿಯನ್, ಜರ್ಮನ್, ಇಂಗ್ಲಿಷ್ ಅಂತ ಬುರುಜುಗಳ ಹೆಸರು. ಫ್ರೆಂಚ್ ಬುರುಜು ಎತ್ತರದ ಜಾಗದಲ್ಲಿದೆ, ಸಮುದ್ರ ನೋಡಲು ಅದೇ ಒಳ್ಳೆಯದು. ಇಂಗ್ಲಿಷ್ ಬುರುಜಿನ ಪಶ್ಚಿಮದ ಗೋಡೆಯಲ್ಲಿ ಸಿಂಹದ ಕೆತ್ತನೆ ಇದೆ, ಇಂಗ್ಲೆಂಡಿನ ರಾಜ ನಾಲ್ಕನೇ ಹೆನ್ರಿಯ ಲಾಂಛನವೂ ಇದೆ. ಹಾವಿನ ಕೆತ್ತನೆ ಇರುವುದಕ್ಕೆ ಹಾವಿನ ಬುರುಜು ಅಂತಲೇ ಹೆಸರು.

ಗಾಟಿನೊ ಬುರುಜಿನ ಕೆಳಗೆ ಹಳೆಯ ಸೆರೆಮನೆ ಇದೆ, ಇಲ್ಲಿ ದೇವರಿಲ್ಲ ಅನ್ನುವ ಅರ್ಥದ ಲ್ಯಾಟಿನ್ ಬರಹ ಅಲ್ಲಿತ್ತು. ಚಿಕ್ಕ ಮಕ್ಕಳು ಜೊತೆಗಿದ್ದರೆ ಅದನ್ನು ಬಿಟ್ಟುಬಿಡಿ. ಕೋಟೆ ಪೂರ್ತಿಯಾಗಿ ಜೈಲಾಗಿದ್ದು ಮಾತ್ರ ತುಂಬಾ ಆಮೇಲೆ, 1895ರಲ್ಲಿ.

ಬಯಲಿನಲ್ಲಿರುವ ಪ್ರಾರ್ಥನಾ ಮಂದಿರಕ್ಕೆ ಹತ್ತು ನಿಮಿಷ ಕೊಡಿ. ಶುರುವಿಗೆ 1406ರಲ್ಲಿ ಚರ್ಚ್, 1519-20ರಲ್ಲಿ ಸ್ಪೇನಿನ ನೈಟ್‌ಗಳು ಮತ್ತೆ ಕಟ್ಟಿದರು, ನೈಟ್‌ಗಳು ಹೋದ ಮೇಲೆ ಮಸೀದಿ. 1915ರ ಮೇ ತಿಂಗಳಲ್ಲಿ ಫ್ರೆಂಚ್ ಯುದ್ಧನೌಕೆಯ ಗುಂಡಿಗೆ ಮಿನಾರ್ ಉರುಳಿತು. ಈಗ ಕಾಣುವ ಮಿನಾರ್ 1997ರಲ್ಲಿ ಮತ್ತೆ ಕಟ್ಟಿದ್ದು. ನಡೆಯುವಾಗ ನೆಲದ ಕಡೆಗೂ ಕಣ್ಣಿರಲಿ, ಮಳೆನೀರು ಹಿಡಿದಿಡಲು ಬಂಡೆಯಲ್ಲಿ ಕೊರೆದ 14 ತೊಟ್ಟಿಗಳಿವೆ. ಸುತ್ತಲೂ ನೀರು, ಕುಡಿಯಲು ಮಾತ್ರ ಹನಿ ಇಲ್ಲ ಅನ್ನುವ ಪರಿಸ್ಥಿತಿಯಲ್ಲಿ ಈ ತೊಟ್ಟಿಗಳೇ ಕೋಟೆಯ ಜೀವ.

ಇಲ್ಲಿಗೆ ಬುರುಜು ಸಾಕು. ಕೂತು ನೀರು ಕುಡಿಯಿರಿ. ಮುಂದಿನದಕ್ಕೆ ಕಾಲಿಗಿಂತ ಮನಸ್ಸು ಹೊಸದಾಗಿರಬೇಕು.

ಉಲುಬುರುನ್: ಇಲ್ಲಿ ನಿಧಾನ

ಬೋಡ್ರುಮ್ ಮೊದಲು ಸ್ಪಂಜು ತೆಗೆಯುವವರ ಊರು. ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವುದು ಅವರ ಹೊಟ್ಟೆಪಾಡು. ತಳದಲ್ಲಿ ಎಲ್ಲೆಲ್ಲಿ ಹಳೆಯ ಜಾಡಿಗಳು ರಾಶಿ ಬಿದ್ದಿವೆ ಅನ್ನುವುದು ಪುಸ್ತಕ ಓದಿದ ಯಾರಿಗೂ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು. 1950ರ ದಶಕದ ಕೊನೆಯಲ್ಲಿ ಪೀಟರ್ ಥ್ರಾಕ್‌ಮಾರ್ಟನ್ ಅನ್ನುವ ಅಮೆರಿಕದ ಪತ್ರಕರ್ತ ಇಲ್ಲಿಗೆ ಬಂದು ಇವರ ಜೊತೆ ದೋಣಿಯಲ್ಲಿ ಓಡಾಡಿ ಅವರ ಮಾತು ಕೇಳಿದ. ಅದರಿಂದ 1960ರಲ್ಲಿ ಟರ್ಕಿಯ ದಕ್ಷಿಣ ಕರಾವಳಿಯ ಗೆಲಿಡೋನ್ಯಾ ಭೂಶಿರದ ಹತ್ತಿರ ಅಮೆರಿಕದ ಪುರಾತತ್ವಜ್ಞ ಜಾರ್ಜ್ ಬಾಸ್ ತಂಡದ ಕೆಲಸ ಶುರುವಾಯಿತು. ಪುರಾತತ್ವದವರೇ ನೀರಿಗಿಳಿದು, ಮುಳುಗಿದ ಹಡಗೊಂದನ್ನು ಸಮುದ್ರದ ತಳದಲ್ಲೇ ಶಾಸ್ತ್ರೀಯವಾಗಿ ಪೂರ್ತಿ ಅಗೆದದ್ದು ಅದೇ ಮೊದಲು. ಆ ಸಾಮಾನು ಇಡಲು ಜಾಗ ಬೇಕಾಯಿತು. ಖಾಲಿ ಬಿದ್ದಿದ್ದ ಈ ಕೋಟೆ ಸಿಕ್ಕಿತು. 1960ರ ದಶಕದ ಮೊದಲ ವರ್ಷಗಳಲ್ಲಿ ನೀರಡಿಯ ಪುರಾತತ್ವದ ಮ್ಯೂಸಿಯಂ ಹುಟ್ಟಿದ್ದು ಹೀಗೆ.

1982ರಲ್ಲಿ ಮೆಹ್ಮೆತ್ ಚಾಕಿರ್ ಅನ್ನುವ ಸ್ಪಂಜು ತೆಗೆಯುವ ಯುವಕ ಕಾಶ್ ಊರಿನ ಹತ್ತಿರ ಉಲುಬುರುನ್ ಭೂಶಿರದ ಬಳಿ ಮುಳುಗಿ ಮೇಲೆ ಬಂದು, ಕಿವಿ ಇರುವ ಲೋಹದ ಬಿಸ್ಕತ್ತು ನೋಡಿದೆ ಅಂದ. ಕೇಳಿದವರಿಗೆ ಗೊತ್ತಾಯಿತು: ಅದು ಕಂಚಿನ ಯುಗದ ತಾಮ್ರದ ಗಟ್ಟಿ. ನಾಲ್ಕು ಮೂಲೆ ಹೊರಚಾಚಿದ, ಹರವಿದ ಎತ್ತಿನ ಚರ್ಮದ ಹಾಗೆ ಕಾಣುವ ಗಟ್ಟಿ.

1984ರಿಂದ 1994ರವರೆಗೆ 11 ಬೇಸಿಗೆ ಅಲ್ಲಿ ಕೆಲಸ ನಡೆಯಿತು. ಮೊದಲು ಜಾರ್ಜ್ ಬಾಸ್, ಆಮೇಲೆ ಜೆಮಾಲ್ ಪುಲಾಕ್ ಮುಂದಾಳು. ಹಡಗು ಇದ್ದದ್ದು 44 ಮೀಟರ್‌ಗಿಂತ ಆಳದ ಇಳಿಜಾರಿನಲ್ಲಿ. ಅಷ್ಟು ಆಳದಲ್ಲಿ ಉಸಿರಾಡುವ ಗಾಳಿಯ ಸಾರಜನಕವೇ ತಲೆಗೆ ಮತ್ತು ಏರಿಸುತ್ತದೆ. ಒಂದು ಸಲಕ್ಕೆ ಕೆಲಸ ಮಾಡಲು ಸಿಗುವುದು ಸುಮಾರು 20 ನಿಮಿಷ. ಮೇಲೆ ಬರುವಾಗ ನಡುನಡುವೆ ನಿಂತು ನಿಂತು ಬರಬೇಕು, ಅವಸರ ಮಾಡಿದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಹಾಗೆ 22 ಸಾವಿರಕ್ಕೂ ಹೆಚ್ಚು ಸಲ ಮುಳುಗಿ ಎದ್ದಿದ್ದಾರೆ. ಗಾಜಿನ ಹಿಂದೆ ಇರುವ ಒಂದು ಸಣ್ಣ ಮಣಿಯನ್ನು ನೋಡುವಾಗಲೂ ಈ ಲೆಕ್ಕ ನೆನಪಿರಲಿ.

ಈಗ ಕೊಠಡಿಯೊಳಗೆ ನೋಡುವ ಕ್ರಮ. ಮೊದಲು ಒಟ್ಟು ಹಡಗು ನೋಡಿ. ಸಮುದ್ರದ ತಳದಲ್ಲಿ ಹೇಗೆ ಬಿದ್ದಿತ್ತು, ಒಳಗೆ ಸಾಮಾನು ಹೇಗೆ ಪೇರಿಸಿದ್ದರು ಅನ್ನುವುದನ್ನು ನಿಜ ಗಾತ್ರದಲ್ಲೇ ಮಾಡಿ ತೋರಿಸಿದ್ದಾರೆ. ಹಡಗಿನ ಉದ್ದ 15-16 ಮೀಟರ್ ಅಷ್ಟೇ, ದೇವದಾರು ಜಾತಿಯ ಮರ. ಹಲಗೆಯ ಅಂಚಿನಲ್ಲಿ ಕುಳಿ ಕೊರೆದು, ಮರದ ಬಿಲ್ಲೆ ಕೂರಿಸಿ, ಪಕ್ಕದ ಹಲಗೆಗೆ ಸೇರಿಸಿ, ಗೂಟ ಹೊಡೆದು ಬಿಗಿ ಮಾಡಿದ್ದಾರೆ. ಕಾಲ ಕ್ರಿ.ಪೂ. 14ನೇ ಶತಮಾನದ ಕೊನೆ. ಅಂದರೆ ಮೌಸೋಲಸ್ ಹುಟ್ಟುವುದಕ್ಕೂ ಸುಮಾರು ಒಂಬೈನೂರು ವರ್ಷ ಮುಂಚೆಯೇ ಇದು ಮುಳುಗಿತ್ತು.

ಆಮೇಲೆ ತಾಮ್ರ. ಸುಮಾರು 10 ಟನ್. ಸೈಪ್ರಸ್‌ನದ್ದು ಅಂತ ಲೋಹದ ಪರೀಕ್ಷೆಯಿಂದ ತಿಳಿದಿದೆ. ಎತ್ತಿನ ಚರ್ಮದ ಆಕಾರದವೇ 354 ಗಟ್ಟಿ, ಒಂದೊಂದು ಸರಾಸರಿ 24 ಕಿಲೋ. ಪಕ್ಕದಲ್ಲಿ ತವರ, ಸುಮಾರು 1 ಟನ್. ಹತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಕರಗಿಸಿದರೆ ಕಂಚು. ಲೆಕ್ಕ ಸರಿಯಾಗಿ ಕೂರುತ್ತದೆ ಅಲ್ವಾ? ಒಂದು ಸೈನ್ಯಕ್ಕೆ ಬೇಕಾದ ಆಯುಧದ ಕಂಚು ಈ ಒಂದು ಹಡಗಿನಲ್ಲಿತ್ತು. ಇದು ಯಾರೋ ಚಿಲ್ಲರೆ ವ್ಯಾಪಾರಿಯ ಸರಕಲ್ಲ, ಅರಮನೆಗಳ ನಡುವಿನ ಸರಕು ಅಂತ ವಿದ್ವಾಂಸರು ಹೇಳುವುದು ಇದಕ್ಕೇ.

ಮೂರನೆಯದಾಗಿ ನೀಲಿ ಗಾಜಿನ ಬಿಲ್ಲೆಗಳು. ಸುಮಾರು 175 ಸಿಕ್ಕಿವೆ. ಕಚ್ಚಾ ಗಾಜನ್ನು ದುಂಡಗೆ ಎರಕ ಹೊಯ್ದು ಸಾಗಿಸುತ್ತಿದ್ದರು, ಕೊಂಡವರು ಕರಗಿಸಿ ಮಣಿಯೋ ಪಾತ್ರೆಯೋ ಮಾಡಿಕೊಳ್ಳುತ್ತಿದ್ದರು. ಆ ನೀಲಿ ಬಂದದ್ದು ಕೋಬಾಲ್ಟ್‌ನಿಂದ. ಮೂರು ಸಾವಿರ ವರ್ಷ ಉಪ್ಪುನೀರಿನಲ್ಲಿದ್ದ ಗಾಜು ಅದು. ನಾನು ಇಲ್ಲಿ ಎಷ್ಟು ಹೊತ್ತು ನಿಂತೆ ಅಂತ ಲೆಕ್ಕ ಇಲ್ಲ.

ಕೊನೆಗೆ ಚಿಕ್ಕ ವಸ್ತುಗಳು. ಆನೆದಂತ, ನೀರುಕುದುರೆಯ ಹಲ್ಲು, ಆಫ್ರಿಕಾದ ಕರಿಮರದ ತುಂಡು, ಕಾನಾನ್ ಸೀಮೆಯ (ಇವತ್ತಿನ ಇಸ್ರೇಲ್, ಲೆಬನಾನ್ ಕಡೆ) ಸುಮಾರು 150 ಜಾಡಿಗಳು, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಮರದ ಅಂಟು. ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರು ಕೆತ್ತಿದ, ದುಂಬಿಯ ಆಕಾರದ ಚಿನ್ನದ ಪುಟ್ಟ ಮುದ್ರೆ. ಎಲ್ಲರೂ ಅದರ ಮುಂದೆ ಗುಂಪು ಕಟ್ಟುತ್ತಾರೆ, ನೋಡಬೇಕಾದ್ದೇ. ಆದರೆ ನನ್ನ ಕೇಳಿದರೆ ಅದಕ್ಕಿಂತ ದೊಡ್ಡದು ಒಂದು ಮರದ ಪುಸ್ತಕ. ಅಂಗೈಯಷ್ಟು ದೊಡ್ಡ ಎರಡು ಹಲಗೆ, ನಡುವೆ ದಂತದ ಕೀಲು. ಹಲಗೆಯ ತಗ್ಗಿನಲ್ಲಿ ಮೇಣ ತುಂಬಿ ಅದರ ಮೇಲೆ ಬರೆಯುತ್ತಿದ್ದರು. ದಾಳಿಂಬೆ ತುಂಬಿದ್ದ ಒಂದು ದೊಡ್ಡ ಜಾಡಿಯೊಳಗೆ ಸಿಕ್ಕಿತು. ಮೇಣ ಹೋಗಿದೆ, ಬರಹವೂ ಹೋಗಿದೆ. ಲೆಕ್ಕವಿತ್ತೋ, ಪತ್ರವಿತ್ತೋ. ಬರೆದವನ ಕೈ ಮಾತ್ರ ಇಲ್ಲೇ ಎಲ್ಲೋ ಇದೆ ಅನ್ನಿಸುತ್ತದೆ.

ಈ ಕೊಠಡಿಗೆ ಕನಿಷ್ಠ ಒಂದು ಗಂಟೆ ಇಡಿ.

ಗಾಜಿನ ಹಡಗು, ಯಾಜಕನ ಹಡಗು

ಸೆರ್ಚೆ ಲಿಮಾನಿ ಅನ್ನುವ ಕೊಲ್ಲಿಯಲ್ಲಿ ಮುಳುಗಿದ 11ನೇ ಶತಮಾನದ ಹಡಗಿನಲ್ಲಿ ಇದ್ದದ್ದು ಸುಮಾರು 3 ಟನ್ ಗಾಜು. ಅದರಲ್ಲಿ ತುಂಬಾ ಭಾಗ ಮೊದಲೇ ಒಡೆದ ಗಾಜು, ಕರಗಿಸಿ ಮತ್ತೆ ಬಳಸಲು ಸಾಗಿಸುತ್ತಿದ್ದದ್ದು. ಲಕ್ಷಗಟ್ಟಲೆ ಚೂರುಗಳು ಮೇಲೆ ಬಂದವು. ಅವನ್ನು ಆಕಾರ, ಬಣ್ಣ ನೋಡಿ ಬೇರೆ ಬೇರೆ ಮಾಡಿ ಅಂಟಿಸುತ್ತಾ ವರ್ಷಗಟ್ಟಲೆ ಕೂತಿದ್ದಾರೆ, ನೂರಾರು ಲೋಟ, ಬಾಟಲಿ, ಬಟ್ಟಲು ಮತ್ತೆ ರೂಪ ಪಡೆದವು. ಹೊತ್ತೊಯ್ಯುವಾಗಲೇ ಕಸವಾಗಿದ್ದ ಚೂರಿಗೆ ಈ ಗೌರವ. ಬೆಳಿಗ್ಗೆ ಸುಣ್ಣವಾದ ಶಿಲ್ಪದ ಬಗ್ಗೆ ಬೇಜಾರು ಮಾಡಿಕೊಂಡಿದ್ದ ನನಗೆ ಇಲ್ಲಿ ಸಮಾಧಾನವಾಯಿತು.

ಹಡಗಿನ ಮರವನ್ನೂ ಇಲ್ಲಿ ಗಮನಿಸಿ. ಮರಳಿನಲ್ಲಿ ಹೂತುಹೋದ ಭಾಗ ಮಾತ್ರ ಉಳಿಯುತ್ತದೆ, ಹೊರಗೆ ಕಂಡದ್ದನ್ನು ಸಮುದ್ರದ ಹುಳು ತಿಂದುಬಿಡುತ್ತದೆ. ಮೇಲೆ ತಂದ ಮರವನ್ನು ಹಾಗೇ ಒಣಗಲು ಬಿಟ್ಟರೆ ಮುರುಟಿ ಪುಡಿಯಾಗುತ್ತದೆ. ಮೊದಲು ಸಿಹಿನೀರಲ್ಲಿ ನೆನೆಸಿ ಉಪ್ಪು ತೆಗೆಯಬೇಕು, ಆಮೇಲೆ ಮೇಣದಂಥ ಒಂದು ರಾಸಾಯನಿಕವನ್ನು ನಿಧಾನಕ್ಕೆ ಮರದೊಳಗೆ ಇಳಿಸಬೇಕು. ವರ್ಷಗಳ ಕೆಲಸ.

ಯಾಸಿಆದಾ ಅನ್ನುವ ಪುಟ್ಟ ದ್ವೀಪದ ಬಳಿ ಮುಳುಗಿದ 7ನೇ ಶತಮಾನದ ಹಡಗಿನಲ್ಲಿ ಒಬ್ಬ ಮನುಷ್ಯನ ಹೆಸರೇ ಸಿಕ್ಕಿದೆ. ಅವನ ತೂಕದ ತಕ್ಕಡಿಯ ಕೋಲಿನ ಮೇಲೆ ಗ್ರೀಕ್ ಅಕ್ಷರದಲ್ಲಿ ಜಾರ್ಜಿಯೋಸ್, ಹಡಗಿನ ಯಜಮಾನ ಅಂತ ಕೆತ್ತಿದೆ. ಚರ್ಚಿನ ಯಾಜಕ ಅಂತಲೂ ಓದಬಹುದಾದ ಪದ ಜೊತೆಗಿದೆ. ಸುಮಾರು 900 ಜಾಡಿ ಹೇರಿಕೊಂಡು ಹೊರಟಿದ್ದ. ತಕ್ಕಡಿ ಕಂಡರೆ ತಪ್ಪದೆ ನೋಡಿ.

ಕೇರಿಯಾದ ರಾಜಕುಮಾರಿ ಅಂತ ಕರೆಯುವ ಕೊಠಡಿ ತೆರೆದಿದ್ದರೆ ಹೋಗಿ, ಕೇರಿಯಾ ಅಂದರೆ ಮೌಸೋಲಸ್ ಆಳಿದ ಸೀಮೆ. 1989ರಲ್ಲಿ ಬೋಡ್ರುಮ್‌ನಲ್ಲೇ ಕಟ್ಟಡದ ಕೆಲಸದ ವೇಳೆ, ಕಳ್ಳರ ಕೈಗೆ ಸಿಗದ ಒಂದು ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಒಳಗೆ ಚಿನ್ನದ ಎಲೆಗಳ ಕಿರೀಟ ತೊಟ್ಟ ಹೆಂಗಸು. ಮ್ಯಾಂಚೆಸ್ಟರ್‌ನ ತಜ್ಞರು ತಲೆಬುರುಡೆಯಿಂದ ಅವಳ ಮುಖ ರೂಪಿಸಿದ್ದಾರೆ. ಮೌಸೋಲಸ್‌ನ ಇನ್ನೊಬ್ಬ ತಂಗಿ ರಾಣಿ ಆದಾ ಇವಳೇ ಅಂತ ಕೆಲವರು ಹೇಳುತ್ತಾರೆ, ಸಾಬೀತಾಗಿಲ್ಲ.

ಹಿರಿಯರು ಜೊತೆಗಿದ್ದರೆ, ಹೊತ್ತು ಕಡಿಮೆ ಇದ್ದರೆ

ಮೊಣಕಾಲು ನೋವಿನವರಿಗೆ ಈ ಕೋಟೆ ಸುಲಭವಲ್ಲ. ಕೆಳಗಿನ ಬಯಲಿನ ತನಕ ನಿಧಾನಕ್ಕೆ ಬರಬಹುದು, ಬುರುಜಿನ ಮೆಟ್ಟಿಲು ಕಡಿದು, ಕೈ ಹಿಡಿಯಲು ಎಲ್ಲ ಕಡೆ ಕಂಬಿ ಇಲ್ಲ. ಗಾಲಿಕುರ್ಚಿಗೆ ಇನ್ನೂ ಕಷ್ಟ. ಹೊರಡುವ ಮುಂಚೆ ಮ್ಯೂಸಿಯಂಗೆ ಫೋನ್ ಮಾಡಿ ಯಾವ ಕೊಠಡಿಗೆ ಮೆಟ್ಟಿಲಿಲ್ಲದ ದಾರಿ ಇದೆ ಅಂತ ಕೇಳಿ.

ಮಕ್ಕಳಿಗೆ ಗೋಡೆಯಲ್ಲಿ ಹಸಿರು ಕಲ್ಲು ಹುಡುಕುವ ಆಟ ಕೊಡಿ. ನನ್ನ ಜೊತೆ ಬಂದಿದ್ದ ಏಳು ವರ್ಷದ ಹುಡುಗಿ ನನಗಿಂತ ಮೊದಲು ಕಂಡುಹಿಡಿದಳು, ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಪೂರ್ತಿ ಕ್ರಮಕ್ಕೆ ಸಮಾಧಿ ಸೇರಿ ಐದು ಗಂಟೆ ಬೇಕು. ಹಡಗಿನಲ್ಲಿ ಬಂದು ಎರಡೇ ಗಂಟೆ ಇಳಿದವರು ಸಮಾಧಿ ಬಿಡಿ, ಬುರುಜೂ ಬಿಡಿ. ಬಾಗಿಲುಗಳ ದಾರಿಯಲ್ಲಿ ಹತ್ತು ನಿಮಿಷ ಗೋಡೆ ನೋಡಿ, ನೇರ ಉಲುಬುರುನ್‌ಗೆ ಹೋಗಿ, ಉಳಿದರೆ ಸೆರ್ಚೆ ಲಿಮಾನಿಯ ಗಾಜು. ಸಮುದ್ರದ ಫೋಟೋ ಹೊರಗೆ ಬಂದ ಮೇಲೂ ತೆಗೆಯಬಹುದು, ಬಂದರಿನ ಕಟ್ಟೆಯಿಂದ ಸಂಜೆ ಹೊತ್ತಿಗೆ ಕೋಟೆ ಪೂರ್ತಿ ಕಾಣುತ್ತದೆ, ಅದಕ್ಕೆ ಟಿಕೆಟ್ ಬೇಕಿಲ್ಲ.